ಕುರ್ಚಿಗೆ ಕಟ್ಟಿದ ಮಗು

ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಿದ್ದ ಕ್ಷೌರಿಕನಿಗೆ ಹಿಂದೆ ಪೌಡರ್ ಡಬ್ಬಿ ಬಿದ್ದ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಮನೆಯವರೆಲ್ಲ ಬುಗುರಿ ಎಂದೇ ಕರೆಯುವ ಅವನ ನಾಲ್ಕು ವರ್ಷದ ಮಗಳು ಪೌಡರ್ ಚೆಲ್ಲಿ ಬೆಳ್ಳಗಾದ ನೆಲದ ಮೇಲೆ ಜಾರಾಟ ಶುರುಮಾಡಿದ್ದಳು. ಶಿಶುವಿಹಾರ ಬಿಟ್ಟ ಮೇಲೆ, ಹೆಂಡತಿ ಕೆಲಸದಿಂದ ಬರುವವರೆಗೆ ಮಗು ಅಂಗಡಿಯಲ್ಲೇ; ಅವನ ವಯಸ್ಸಾದ ಅಮ್ಮನ ಕೈಗೆ ಅವಳು ಸಿಗುವವಳಲ್ಲ. "ಸುಮ್ನೆ ಕೂತ್ಕೋ" ಎಂದು ಹೇಳಿ ಹೇಳಿ ಅವನ ಬಾಯಿ ಒಣಗಿತ್ತು. ಅವಳು ಕೂರುತ್ತಿದ್ದಳು, ಕೂತಷ್ಟೇ ಬೇಗ ಏಳುತ್ತಿದ್ದಳು. ಈಗ ಕತ್ತರಿಗೆ ಕೈ ಹಾಕಿದಳು.

ಮುಂದೆ ಏನಾಯಿತೆಂದು ಅವನಿಗೇ ತಿಳಿಯಲಿಲ್ಲ. ಅರಿವು ಬಂದಾಗ ಮಗುವಿನ ಸೊಂಟಕ್ಕೆ ಟವೆಲು ಸುತ್ತಿ, ತುದಿಯನ್ನು ಕುರ್ಚಿಯ ಕಾಲಿಗೆ ಗಂಟು ಹಾಕುತ್ತಿದ್ದ.

"ಅಲ್ಲಾಡು, ನೋಡ್ತೀನಿ."

ಬಾಯಿ ಅವನದು, ದನಿ ಅವನದಲ್ಲ. ಎಂದೋ ಸತ್ತ ಅಪ್ಪನದು.

ಅಪ್ಪ ಕಿಟಕಿಯ ಸರಳಿಗೆ ಕಟ್ಟುತ್ತಿದ್ದುದು ಕ್ಷೌರಿಕನ ತಮ್ಮನನ್ನು. "ಬೇಕಂತ ಮಾಡ್ತಾನೆ" ಎನ್ನುತ್ತಲೇ ಹೊಡೆಯುತ್ತಿದ್ದ. ಮೀಸೆ ಚಿಗುರುವ ಮೊದಲೇ ಮನೆ ಬಿಟ್ಟ ತಮ್ಮ ಮತ್ತೆ ಬರಲಿಲ್ಲ. ಇಂದಿಗೂ ಹೊಸ ಗಿರಾಕಿ ಕೂತರೆ ಕ್ಷೌರಿಕನ ಕಣ್ಣು ಮೊದಲು ಬಲಗಿವಿಯ ಹಿಂದಕ್ಕೆ ಹೋಗುತ್ತದೆ. ತಮ್ಮನಿಗೆ ಅಲ್ಲೊಂದು ಗಾಯದ ಗುರುತಿತ್ತು.

ಅವನು ಗಂಟು ಬಿಚ್ಚಿದ. ಶಿಶುವಿಹಾರದ ಟೀಚರು ಹೇಳುತ್ತಲೇ ಇದ್ದ ಪೋಷಕರ ತರಬೇತಿಗೆ ಹೋಗುವುದಾಗಿ ಮನೆಯಲ್ಲಿ ತಿಳಿಸಿದ.

ಅಮ್ಮ ನಕ್ಕಳು. "ಕುಣಿಯೋಳು ಅವಳು, ಪಾಠ ನಿಂಗಾ? ನಾವು ಯಾವ ಕ್ಲಾಸಿಗೆ ಹೋಗಿ ಮಕ್ಕಳನ್ನ ಸಾಕಿದ್ವಿ?"

"ಅದಕ್ಕೇ ಹೋಗ್ತಿದೀನಮ್ಮ."

ಅಮ್ಮನ ನಗು ಅಲ್ಲಿಗೇ ನಿಂತಿತು.

ತರಬೇತಿಯಾಕೆ ದೊಡ್ಡ ಮಾತೇನೂ ಆಡಲಿಲ್ಲ. ದೂರದಿಂದ ಕೂಗಬೇಡಿ, ಹತ್ತಿರ ಹೋಗಿ ಮಗುವಿನ ಕಣ್ಣಿನೆತ್ತರಕ್ಕೆ ಕೂತು ಒಂದೇ ಮಾತು ಹೇಳಿ, ಕೇಳಿದರೆ ಆಗಲೇ ಮೆಚ್ಚಿಕೊಳ್ಳಿ ಎಂದಳು.

"ಗಿರಾಕಿ ಗಂಟಲ ಮೇಲೆ ಕತ್ತಿ ಇಟ್ಕೊಂಡು ಇದೆಲ್ಲ ಆಗುತ್ತಾ ಮೇಡಂ?"

"ಎಲ್ಲಾ ಸಲ ಆಗಲ್ಲ. ಆದಾಗ ಕತ್ತಿ ಕೆಳಗಿಡಿ. ಅವಳು ಬೇಕಂತ ಮಾಡ್ತಿಲ್ಲ."

ಆ ಮಾತನ್ನು ಅವನು ಇನ್ನೊಮ್ಮೆ ಹೇಳಿಸಿಕೊಂಡ.

ಕೆಲವು ದಿನ ಬುಗುರಿ ಹೇಳಿದ ಮಾತು ಕೇಳಿದಳು, ಕೆಲವು ದಿನ ಬಾಚಣಿಗೆ ಬೀದಿಗೆ ಹಾರಿತು. ಒಂದು ಮಧ್ಯಾಹ್ನ ಅವನು ಮಂಡಿಯೂರಿ, "ಡಬ್ಬಿ ನನ್ನ ಕೈಗೆ ಕೊಡು" ಎಂದ. ಕೊಟ್ಟಳು. "ಹೇಳಿದ ತಕ್ಷಣ ಕೊಟ್ಟೆಯಲ್ಲ, ಜಾಣೆ." ಮಗು ಅವನ ಮುಖವನ್ನೇ ನೋಡಿತು. ಆಮೇಲೆ ಅಂಗಡಿಯ ಸಾಮಾನನ್ನೆಲ್ಲ ಒಂದೊಂದಾಗಿ ತಂದು ಅವನ ಕೈಗೆ ಕೊಡತೊಡಗಿತು. ಅರ್ಧ ಗಡ್ಡದ ಗಿರಾಕಿ ಹೊಟ್ಟೆ ಹಿಡಿದು ನಕ್ಕ. ಊಟ ತಂದು ಬಾಗಿಲಲ್ಲಿ ನಿಂತಿದ್ದ ಅಮ್ಮ ಮಾತ್ರ ನಗಲಿಲ್ಲ.

ಮುಂದಿನ ತರಗತಿಯ ಹೊತ್ತಿಗೆ ಅಮ್ಮ ಚಪ್ಪಲಿ ಮೆಟ್ಟಿ ಹೊಸಿಲಾಚೆ ಕಾಯುತ್ತಿದ್ದಳು. ತರಗತಿಯಲ್ಲಿ ಹೊಸಬರು ತಮ್ಮ ಮಗುವಿನ ಬಗ್ಗೆ ಹೇಳಬೇಕಿತ್ತು. ಅವಳು ಮೊಮ್ಮಗಳ ಮಾತೆತ್ತಲಿಲ್ಲ.

"ನನ್ನ ಕಿರಿಮಗ. ನಿಂತಲ್ಲಿ ನಿಲ್ತಿರಲಿಲ್ಲ. ಅವರಪ್ಪ ಕಟ್ಟಿಹಾಕೋವಾಗ ಹಗ್ಗ ತಂದುಕೊಡ್ತಿದ್ದೋಳು ನಾನು."

ಕ್ಷೌರಿಕ ತಲೆ ಎತ್ತಲಿಲ್ಲ.

ತರಬೇತಿಯಾಕೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು. "ಅವನಿಗೆ ಏನು ಚೆನ್ನಾಗಿ ಬರ್ತಿತ್ತು, ಅಮ್ಮ?"



"ಓಡೋದು," ಎಂದಳು ಅಮ್ಮ. "ಎಷ್ಟು ಚೆಂದ ಓಡ್ತಿದ್ದ."