ಓಕುನಿಯ ವೇಷ ಯಾರಿಗೆ?

ಕಬುಕಿಯನ್ನು ಹುಟ್ಟುಹಾಕಿದ್ದು ಒಬ್ಬ ಹೆಂಗಸು. ಹೆಸರು ಓಕುನಿ. ನಾನೂರು ವರ್ಷಗಳ ಹಿಂದೆ ಕ್ಯೋಟೋದ ಹೊಳೆದಂಡೆಯಲ್ಲಿ, ಗಂಡಸಿನ ವೇಷ ಹಾಕಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಕುಣಿದಳು. ಊರಿಗೆ ಊರೇ ಮುಗಿಬಿತ್ತು. ಜಪಾನಿನ ಆ ರಂಗಭೂಮಿಯ ಚರಿತ್ರೆಯನ್ನು ಪರದೇಶದಲ್ಲಿರುವ ನಮ್ಮ ಕನ್ನಡ ಸಂಘಕ್ಕೆ ರೂಪಕವಾಗಿ ಬರೆದವಳು ನಾನು, ಪೂರ್ಣಿಮಾ. ಬೇಸಿಗೆಯೆಲ್ಲ ನ್ಯೂಕ್ಯಾಸಲ್‌ನ ನಮ್ಮ ಗರಾಜಿನಲ್ಲಿ ಓಕುನಿಯ ಕುಣಿತ ಅಭ್ಯಾಸ ಮಾಡಿದವಳೂ ನಾನೇ.

ಇನ್ನೇನು ಪ್ರದರ್ಶನ ಎನ್ನುವಾಗ ಸಂಘದ ಅಧ್ಯಕ್ಷ ದ್ವಾರಕಾನಾಥ್ ಫೋನ್ ಮಾಡಿದರು.

"ಓಕುನಿ ಪಾರ್ಟ್ ನಮ್ಮ ಕಶ್ಯಪ್ ಮಾಡ್ತಾನಮ್ಮಾ. ಕಬುಕಿ ಅಂದ್ರೆ ಗಂಡಸರೇ ಅಲ್ವಾ ಮಾಡೋದು? ಯೂಟ್ಯೂಬಲ್ಲಿ ನೋಡ್ದೆ. ಅಥೆಂಟಿಕ್ ಆಗಿರ್ಲಿ."

"ಸರ್, ಶುರು ಮಾಡಿದ್ದೇ ಹೆಂಗಸು. ಕಥೆನೇ ಅದು!"

"ಕಮಿಟಿ ಡಿಸೈಡ್ ಮಾಡ್ಬಿಟ್ಟಿದೆ. ನೀವು ಸೈಡಲ್ಲಿ ನಿಂತು ನಿರೂಪಣೆ ಓದಿ. ಹಾಂ, ಕಶ್ಯಪ್‌ಗೆ ನಿಮ್ಮ ಇಳಕಲ್ ಸೀರೆನೇ ಕಿಮೋನೋ ಥರ ಉಡಿಸ್ಬಿಡಿ."

ಮೈಯೆಲ್ಲ ಉರಿದುಹೋಯಿತು. ಪಾತ್ರ ಅವನಿಗೆ, ಸೀರೆಯೂ ಅವನಿಗೆ, ಉಡಿಸುವ ಚಾಕರಿ ಮಾತ್ರ ನನಗೆ! ಕಮಿಟಿಯಲ್ಲಿ ಹೆಂಗಸರಿಲ್ಲವೇ ಎಂದು ಕೇಳಬೇಡಿ. ಇದ್ದಾರೆ, ಊಟದ ವ್ಯವಸ್ಥೆಗೆ.

ಅತ್ತೆ ಗಂಗಮ್ಮ ಗದಗಿನವರು, ಕಂಪನಿ ನಾಟಕ ನೋಡಿ ಬೆಳೆದವರು. ಅವರಿಗೂ ಸಿಟ್ಟು ಬಂತು.

"ನಮ್ಮ ಕಡೆನೂ ಗಂಡಸರು ಹೆಣ್ಣಿನ ಪಾರ್ಟ್ ಮಾಡ್ತಿದ್ರು, ಹೌದು. ಹೆಣ್ಮಕ್ಕಳು ಸಿಗಂಗಿಲ್ಲ ಅಂತ ಮಾಡ್ತಿದ್ರವಾ. ಇಲ್ಲಿ ನೀ ಕುಣಿಯಾಕ ತಯಾರಾಗಿ ನಿಂತಿ. ಇವರಿಗೇನ್ ಧಾಡಿ?"

ಬಿಟ್ಟು ಹೋಗಿಬಿಡೋಣ ಎನಿಸಿತು. ಆದರೆ ಬರೆದದ್ದು ನನ್ನದು. ಸೀರೆ ಕೊಡಲಿಲ್ಲ, ಮೈಕ್ ಹಿಡಿದೆ.

ಹತ್ತಿರದ ಟೋಟೆಮ್ ಲೇಕ್‌ನ ಸಭಾಂಗಣ ತುಂಬಿತ್ತು. ಯಾರದೋ ಸೀರೆ ಸುತ್ತಿಕೊಂಡ ಕಶ್ಯಪ್ ನೆರಿಗೆ ತುಳಿದು ಮುಗ್ಗರಿಸುತ್ತ ಓಕುನಿಯಾದ. ಜನ ಶಿಳ್ಳೆ ಹೊಡೆದರು. ನಾನು ಹಲ್ಲು ಕಚ್ಚಿಕೊಂಡು ಓದುತ್ತ ಹೋದೆ.

"ಸಾವಿರದ ಆರುನೂರ ಇಪ್ಪತ್ತೊಂಬತ್ತರಲ್ಲಿ ಸರ್ಕಾರ ಹೆಂಗಸರನ್ನು ರಂಗದಿಂದ ಹೊರಹಾಕಿತು. ಊರಿನ ನಡತೆ ಕೆಡುತ್ತದೆ ಎಂಬುದು ಅದು ಕೊಟ್ಟ ಕಾರಣ."

ಮುಂದಿನದನ್ನು ನಾನು ಬರೆದಿರಲಿಲ್ಲ. ಬಾಯಿಗೆ ಬಂತು, ಹೇಳಿದೆ.

"ಈ ವರ್ಷ ಟೋಟೆಮ್ ಲೇಕ್‌ನಲ್ಲಿ ನಮ್ಮ ಕಮಿಟಿ ಹೊರಹಾಕಿತು. ಕಾರಣ, ಅಥೆಂಟಿಕ್ ಆಗಿರಬೇಕು."

ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮುಂದಿನ ಸಾಲಿನ ದ್ವಾರಕಾನಾಥ್. ಅದೂ ರೂಪಕದ ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದರು! ಮೆಟ್ಟಿಲಿಳಿದು ನೇರ ಅವರ ಮುಂದೆ ಹೋಗಿ, ಚಪ್ಪಾಳೆ ತಟ್ಟುತ್ತಿದ್ದ ಕೈಗೇ ಮೈಕನ್ನೂ ನಿರೂಪಣೆಯ ಹಾಳೆಗಳನ್ನೂ ಇಟ್ಟೆ.

"ಮಿಕ್ಕಿದ್ದು ನೀವೇ ಓದಿ ಸರ್. ಇಲ್ಲಿಂದ ಮುಂದೆ ಬರೀ ಗಂಡಸರೇ."