ಕಿಟಕಿಯ ಎಡಗಾಲುಗಳು

ಬೂಟು, ಚಪ್ಪಲಿ ಮಾರುವ ಆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಲೆಕ್ಕದಕ್ಕ ಎಂದೇ ಕರೆಯುತ್ತಿದ್ದರು. ಲೆಕ್ಕ ಬರೆಯುವವಳು, ಅದಕ್ಕೆ. ಒಂದು ಪೈಸೆ ಆಚೀಚೆಯಾದರೂ ಊಟ ಸೇರದ ಹೆಂಗಸು. ಅಂಥವಳ ಲೆಕ್ಕದಲ್ಲಿ ಮೂವತ್ತೆಂಟು ಜೊತೆ ಬೂಟು ಕಡಿಮೆ ಬಿದ್ದಿತ್ತು ಎಂದರೆ ಅವಳ ಹೊಟ್ಟೆಯ ಪಾಡು ಕೇಳಬೇಡಿ.

ವರ್ಷದ ಕೊನೆಯ ಸರಕಿನ ಎಣಿಕೆ ಹಿಂದಿನ ದಿನವಷ್ಟೇ ಮುಗಿದಿತ್ತು. ಲೆಕ್ಕವೇನೋ ಮಕ್ಕಳಾಟದ್ದು. ವರ್ಷದ ಮೊದಲ ದಿನ ಇದ್ದ ಸರಕಿಗೆ ಆಮೇಲೆ ಕೊಂಡದ್ದನ್ನು ಕೂಡಿಸು, ಮಾರಿದ್ದನ್ನು ಕಳೆ, ಉಳಿದದ್ದು ಅಂಗಡಿಯಲ್ಲಿರಬೇಕು. ಇರಲಿಲ್ಲ. ಅವಳು ಬಿಲ್ಲುಗಳನ್ನು ಮತ್ತೆ ಕೂಡಿದಳು. ಗಿರಾಕಿಗಳು ವಾಪಸು ತಂದ ಜೊತೆಗಳನ್ನು ನೋಡಿದಳು. ಏಣಿ ಹತ್ತಿ ಮೇಲಿನ ಸಾಲಿನ ಡಬ್ಬಗಳನ್ನು ಒಂದೊಂದಾಗಿ ತೆಗೆದು ಅಲ್ಲಾಡಿಸಿದಳು. ಮೂವತ್ತೆಂಟು ಮೂವತ್ತೆಂಟಾಗಿಯೇ ಕೂತಿತ್ತು.

ಮೂವತ್ತೆಂಟು ಜೊತೆ ಗಾಳಿಗೆ ಹಾರಿಹೋಗುವುದಿಲ್ಲವಲ್ಲ. ಗೋದಾಮಿನ ಬೀಗದ ಕೈ ಇದ್ದದ್ದು ಒಬ್ಬನ ಸೊಂಟದಲ್ಲಿ. ಆ ಒಬ್ಬ ಅವಳ ಗಂಡ. ಅವನು ದುಡಿಯುತ್ತಿದ್ದ ಛಾಪಖಾನೆ ಮುಚ್ಚಿದಾಗ, ಇವಳೇ ಧಣಿಯ ಕೈಕಾಲು ಹಿಡಿದು ಇಲ್ಲಿಗೆ ಸೇರಿಸಿದ್ದಳು. “ಅವರು ಬಂಗಾರದಂಥ ಮನುಷ್ಯ, ಸ್ವಾಮಿ” ಎಂದು ಹೇಳಿದವಳೂ ಇವಳೇ.

ಬೆಳಿಗ್ಗೆ ಧಣಿ ಬಂದವರೇ ಗುಡುಗಿದ್ದರು. “ಸಂಜೆ ನಮ್ಮ ಷಡ್ಡಕ ಬರ್ತಾನೆ. ಅಂಗಡಿಗೆ ದುಡ್ಡು ಹಾಕ್ತೀನಿ ಅಂದಿದಾನೆ. ಅಷ್ಟೊತ್ತಿಗೆ ಲೆಕ್ಕ ಮೇಜಿನ ಮೇಲಿರಬೇಕು. ಸರಕು ಕಡಿಮೆ ಬಂತೋ, ಗೋದಾಮಿನವನು ನೇರ ಪೊಲೀಸು ಠಾಣೆಗೆ. ನಿನ್ನ ಗಂಡ ಅಂತ ನಾನು ನೋಡಲ್ಲ.”

ಅವಳಿಗೆ ನೆನಪಾದದ್ದು ಗಂಡನ ಕಾಲು. ಕೆಲವು ದಿನಗಳಿಂದ ಅವನು ಹೊಸ ಕಂದು ಬೂಟು ಹಾಕಿಕೊಂಡು ಓಡಾಡುತ್ತಿದ್ದ. ಅದರ ಬೆಲೆ ಅವಳಿಗೆ ಬಾಯಿಪಾಠ, ಅವನ ಸಂಬಳದ ಅರ್ಧ. ಕೇಳಿದ್ದಕ್ಕೆ “ಧಣಿ ಕೊಟ್ರು ಕಣೇ” ಎಂದು ನಕ್ಕಿದ್ದ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಧಣಿ ಬೂಟು ಕೊಟ್ಟರಂತೆ! ಆಗ ಅವಳೂ ನಕ್ಕು ಸುಮ್ಮನಾಗಿದ್ದಳು. ಈಗ ನಗು ಬರಲಿಲ್ಲ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹೋದ ವಾರ ಅವನು ತಡವಾಗಿ ಬಂದದ್ದು, ಫೋನು ಬಂದಾಗ ಆಚೆ ಎದ್ದುಹೋದದ್ದು, ನಾದಿನಿಯ ಆಸ್ಪತ್ರೆ ಖರ್ಚನ್ನು ಹೇಗೋ ಹೊಂದಿಸಿದ್ದು, ಎಲ್ಲಕ್ಕೂ ಈಗ ಕಾರಣ ಸಿಕ್ಕ ಹಾಗಿತ್ತು. ಮಧ್ಯಾಹ್ನ ಅವನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅವಳು ಮೊಳೆಗೆ ತೂಗುಹಾಕಿದ್ದ ಅವನ ಚೀಲದ ಜಿಪ್ ಎಳೆದಳು. ಊಟದ ಡಬ್ಬಿ, ಒರೆಸುವ ಬಟ್ಟೆ, ಹಳೆಯ ಕನ್ನಡಕದ ಗೂಡು. ಗೂಡನ್ನೂ ತೆರೆದು ನೋಡಿದಳು.

“ಏನು ಹುಡುಕ್ತಿದೀಯ?”

ಗಂಡ ಬಾಗಿಲಲ್ಲಿ ನಿಂತಿದ್ದ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಪೆನ್ನು ರೀ. ಎಲ್ಲೋ ಇಟ್ಬಿಟ್ಟೆ.”

ಪೆನ್ನು ಅವಳ ತುರುಬಿನಲ್ಲಿ ಸಿಕ್ಕಿಸಿಕೊಂಡಿತ್ತು. ಅವನು ಅದನ್ನು ನೋಡಿದ, ಅವಳ ಮುಖ ನೋಡಿದ, ಡಬ್ಬಿ ತೆಗೆದುಕೊಂಡು ಅಂಗಡಿಯ ಮುಂದಿನ ಮೆಟ್ಟಿಲಿಗೆ ಹೋದ. ಅವಳಿಗೆ ನಾಚಿಕೆಯಾಯಿತು. ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಒಂದು ದಾರಿ ಇತ್ತು. ಮೂವತ್ತೆಂಟು ಜೊತೆ ಅಂಗಡಿಯಲ್ಲೇ ಇವೆ ಎಂದು ಬರೆದುಬಿಡುವುದು. ಪೆನ್ನಿಗೇನು ಕಷ್ಟ? ಕೊನೆಯ ಸರಕು ಹೆಚ್ಚು ತೋರಿಸಿದರೆ ಲಾಭವೂ ಹೆಚ್ಚು ಕಾಣುತ್ತದೆ, ಧಣಿಗೂ ಷಡ್ಡಕನಿಗೂ ಖುಷಿ. ಆದರೆ ಈ ವರ್ಷದ ಕೊನೆಯ ಸರಕೇ ಮುಂದಿನ ವರ್ಷದ ಮೊದಲ ಸರಕು. ಇಲ್ಲದ ಬೂಟು ಅಲ್ಲಿಗೂ ನಡೆದುಕೊಂಡು ಹೋಗುತ್ತದೆ, ಮುಂದಿನ ಎಣಿಕೆಯಲ್ಲಿ ಯಾರದೋ ಕೊರಳಿಗೆ ಬೀಳುತ್ತದೆ. ಅವಳು ಪೆನ್ನು ಹಿಡಿದವಳು ಹಾಗೆಯೇ ಕೂತಳು. ಹೋದ ವರ್ಷ ಹೀಗೆ ಇಲ್ಲದ ಬೂಟು ಬರೆದವರು ಯಾರಾದರೂ ಇದ್ದರೆ? ಆಗ ಅವಳಿನ್ನೂ ಇಲ್ಲಿಗೆ ಸೇರಿರಲಿಲ್ಲ. ಹಳಬರು ಬಿಟ್ಟುಹೋದ ಸಂಖ್ಯೆಯನ್ನು ಕಣ್ಣುಮುಚ್ಚಿ ಇಳಿಸಿಕೊಂಡಿದ್ದಳು.

ಗಾಜಿನಾಚೆ ಗಂಡ ಬಿಸಿಲಿಗೆ ಕಾಲು ಚಾಚಿ ಉಣ್ಣುತ್ತಿದ್ದ. ಬೂಟು ಕಣ್ಣಿಗೆ ಹೊಡೆಯಿತು. ಬಲಗಾಲಿನದು ಕಡು ಕಂದು. ಎಡಗಾಲಿನದು ಹಾಲು ಹೆಚ್ಚಾದ ಚಹಾದ ಬಣ್ಣ.

ಅವಳು ತಟ್ಟನೆ ಕಿಟಕಿಯ ಕಡೆ ತಿರುಗಿದಳು. ಬೂಟಿನ ಅಂಗಡಿಗಳಲ್ಲಿ ಗಾಜಿನ ಹಿಂದೆ ಇಡುವುದು ಎಡಗಾಲನ್ನು ಮಾತ್ರ. ಒಂಟಿ ಬೂಟು ಕದ್ದು ಕಳ್ಳನಾದರೂ ಏನು ಮಾಡಿಯಾನು? ಬಲಗಾಲು ಒಳಗೆ ತನ್ನ ಡಬ್ಬದಲ್ಲಿರುತ್ತದೆ. ಈ ವರ್ಷ ಕಿಟಕಿಗೆ ಬಣ್ಣ ಹೊಡೆಸಬೇಕೆಂದು ಎಣಿಕೆಗೆ ಮೊದಲೇ ಗಂಡ ಎಡಗಾಲುಗಳನ್ನೆಲ್ಲ ಡಬ್ಬಕ್ಕೆ ಸೇರಿಸಿದ್ದ. ಹೋದ ವರ್ಷ? ಅವಳು ಕಿಟಕಿಯ ಗೋಡೆಗೆ ಬಿಗಿದಿದ್ದ ಖಾಲಿ ಸ್ಟ್ಯಾಂಡುಗಳನ್ನು ಎಣಿಸಿದಳು. ಮೂವತ್ತೇಳು.

ಧಣಿ ಒಳಕೋಣೆಯಲ್ಲಿ ಹಲ್ಲಿಗೆ ಕಡ್ಡಿ ಆಡಿಸುತ್ತಿದ್ದರು. ಅವಳು ಲೆಕ್ಕದ ಪುಸ್ತಕ ಒಯ್ದು ಅವರ ಮುಂದೆ ಬಿಡಿಸಿಟ್ಟಳು.

“ಹೋದ ವರ್ಷ ಸರಕು ಯಾರು ಎಣಿಸಿದ್ದು?”

“ನಾನು ಮತ್ತೆ ಷಡ್ಡಕ. ಕಿಟಕಿ ನಾನು, ಒಳಗಿನ ಡಬ್ಬ ಅವನು. ಯಾಕೆ?”

“ಕಿಟಕೀಲಿ ಒಂದೊಂದು ಎಡಗಾಲಿಗೂ ಒಂದೊಂದು ಜೊತೆ ಅಂತ ಬರೆದ್ರಾ?”

“ಮತ್ತಿನ್ನೇನು, ಅರ್ಧ ಜೊತೆ ಅಂತ ಬರೀತಾರಾ?”

“ಅದರ ಬಲಗಾಲಿದ್ದ ಡಬ್ಬನ ಅವರೂ ಎಣಿಸಿದ್ರಲ್ಲ ಸ್ವಾಮಿ. ಒಂದೇ ಜೊತೆ ಎರಡು ಸಲ ಬಂತು. ಮೂವತ್ತೇಳು ಜೊತೆ ಯಾವತ್ತೂ ಇರಲೇ ಇಲ್ಲ.”

ಧಣಿಯ ಕಡ್ಡಿ ನಿಂತಿತು. “ಹಾಗಾದ್ರೆ ಹೋದ ವರ್ಷದ ಲಾಭ?”

“ಅಷ್ಟು ಸುಳ್ಳು. ತಿದ್ದಬೇಕು.”

“ಅಯ್ಯೋ, ಆ ಲಾಭಕ್ಕೆ ತೆರಿಗೆ ಬೇರೆ ಕಟ್ಟಿದೀನಲ್ಲೇ!” ಧಣಿ ಹಣೆ ಚಚ್ಚಿಕೊಂಡರು. ಆಮೇಲೆ ಹುಬ್ಬು ಗಂಟಿಕ್ಕಿದರು. “ಮೂವತ್ತೆಂಟು ಕಡಿಮೆ ಅಂತ ಇಲ್ಲಿ ಬರೆದಿದೀಯ. ಇನ್ನೊಂದು ಎಲ್ಲಿ?”

ಇನ್ನೊಂದು ಮೆಟ್ಟಿಲ ಮೇಲೆ ಕಾಲು ಚಾಚಿತ್ತು. ಹೇಳಬೇಕೋ ಬಾರದೋ ತಿಳಿಯದೆ ಸೆರಗಿನ ತುದಿ ಹಿಂಡುತ್ತ ನಿಂತಳು.

“ಹಾಂ, ಹೌದಲ್ಲ” ಎಂದರು ಧಣಿ ತಾವಾಗಿಯೇ. “ಎಡಗಾಲು ಬಿಸಿಲಿಗೆ ಬಣ್ಣಗೆಟ್ಟ ಜೊತೆ ಒಂದಿತ್ತು. ಯಾವ ಗಿರಾಕೀನೂ ಮೂಸಿ ನೋಡಲಿಲ್ಲ. ಬಿಸಾಡೋ ಬದಲು ನಿನ್ನ ಗಂಡಂಗೆ ಕೊಟ್ಟೆ. ನಿಂಗೆ ಹೇಳೋದು ಮರೆತೆ. ಅವನಾದ್ರೂ ಹೇಳಿರ್ಬೇಕಲ್ಲ?”

“ಹೇಳಿದ್ರು” ಎಂದಳು.

ಮೇಜಿಗೆ ಬಂದು, ಕೆಟ್ಟ ಸರಕು, ಒಂದು ಜೊತೆ, ಕೆಲಸಗಾರನಿಗೆ ಕೊಟ್ಟದ್ದು ಎಂದು ಬರೆದಳು. ಕಣ್ಣು ತುಂಬಿ ಅಕ್ಷರ ಮಸುಕಾಯಿತು. ಬದುಕಿದೆ ಎನ್ನಿಸಿತು, ಜೊತೆಗೇ ಸತ್ತೆ ಎಂದೂ ಅನ್ನಿಸಿತು. ಅವನು ಹೇಳಿದ್ದ, ತಾನು ನಂಬಲಿಲ್ಲ.

ಸಂಜೆ ಷಡ್ಡಕ ಲೆಕ್ಕ ನೋಡಿ ಹೋದ ಮೇಲೆ, ಅಂಗಡಿಯ ಬಾಗಿಲೆಳೆಯುವ ಹೊತ್ತಿಗೆ ಗಂಡನ ಹತ್ತಿರ ಹೋದಳು.

“ಲೆಕ್ಕ ಸರಿಹೋಯ್ತು ರೀ. ಹೋದ ವರ್ಷದವರ ತಪ್ಪು.”

“ಒಳ್ಳೇದಾಯ್ತು.”

“ಮಧ್ಯಾಹ್ನ ನಾನು… ತಪ್ಪಾಯ್ತು ರೀ.”

“ಪೆನ್ನು ಸಿಕ್ತಾ?” ಎಂದ. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ಅವಳು ಕಾಲಿಗಾದರೂ ಬೀಳುತ್ತಿದ್ದಳು.

ಮನೆ ಮುಟ್ಟಿದ ಮೇಲೆ ಅವನು ಬೂಟು ಬಿಚ್ಚಿ ಗೋಡೆಗೆ ಒರಗಿಸಿದ. ಯಾವತ್ತೂ ಬಾಗಿಲ ಹಿಂದಿನ ಮೊಳೆಗೆ ಹಾಕುವ ಚೀಲವನ್ನು ಆ ದಿನ ಊಟದ ಮೇಜಿನ ಮೇಲೆ, ಅವಳು ಕೂರುವ ಜಾಗಕ್ಕೆ ಎದುರಾಗಿ ಇಟ್ಟ. ಜಿಪ್ ಪೂರ್ತಿ ತೆರೆದಿತ್ತು. ಡಬ್ಬಿ, ಬಟ್ಟೆ, ಕನ್ನಡಕದ ಗೂಡು ಎಲ್ಲವೂ ಕಾಣುತ್ತಿದ್ದವು.

ಅವಳು ಜಿಪ್ ಎಳೆದು ಮುಚ್ಚಿ ಚೀಲವನ್ನು ಮೊಳೆಗೆ ಹಾಕಿದಳು. ಮರುದಿನ ಸಂಜೆ ಅದು ಮತ್ತೆ ಮೇಜಿನ ಮೇಲಿತ್ತು, ಬಾಯಿ ತೆರೆದುಕೊಂಡು.