ಕಾರಿನ ಹಿಂದೆ ಕಟ್ಟಿದ ಹಳದಿ ಸೈಕಲ್

ರಜೆಯ ಬೆಳಿಗ್ಗೆ ಕಾರಿಗೆ ಸೈಕಲ್ ಏರಿಸುವ ಮನೆಗಳಲ್ಲಿ ಗಡಿಬಿಡಿ ಇದ್ದೇ ಇರುತ್ತದೆ. ಬಿಸಿಲೇರುತ್ತದೆ, ಬೇಗ ಹೊರಡೋಣ ಎಂದು ಒಬ್ಬರು ಕೂಗುತ್ತಾರೆ. ಕಟ್ಟುವವರು ಕೈಗೆ ಸಿಕ್ಕಿದ್ದರಲ್ಲಿ ಕಟ್ಟುತ್ತಾರೆ. ನಮ್ಮ ಸೋಫಾ ಅಣ್ಣನ ಕೈಗೆ ಸಿಗುತ್ತಿದ್ದದ್ದು ಎಲಾಸ್ಟಿಕ್. ಸೋಫಾಗಳಿಗೆ ಹೊದಿಕೆ ಹೊಲಿಯುವುದು ಅವನ ಕಸುಬು. ಸೀಟಿನ ಅಡಿ ಬಿಗಿಯುವ ಅಗಲವಾದ ಎಲಾಸ್ಟಿಕ್ ಪಟ್ಟಿ ಅಂಗಡಿಯಲ್ಲಿ ರಾಶಿ ಬಿದ್ದಿರುವಾಗ ಬೇರೆ ಬೆಲ್ಟ್ ಯಾಕೆ ಎನ್ನುವುದು ಅವನ ವಾದ. ಕಾರಿನ ಹಿಂದೆ ಸೈಕಲ್ ಕೂರಿಸುವ ರ‍್ಯಾಕಿನ ಜೊತೆ ಬಂದ ಬೆಲ್ಟುಗಳು ಡಿಕ್ಕಿಯ ಮೂಲೆಯಲ್ಲಿ ಬಿದ್ದಿದ್ದವು.

ಆ ಬೆಳಿಗ್ಗೆ ಅವನು ಕಳ್ಳನಿಗೆ ಶಾಪ ಹಾಕುತ್ತಲೇ ಸೈಕಲ್ ಕಟ್ಟುತ್ತಿದ್ದ. ಹಿಂದಿನ ವಾರ ಕೆರೆ ಕಡೆಯಿಂದ ಬರುವಾಗ ಟೀ ಕುಡಿಯಲು ಕಾರು ನಿಲ್ಲಿಸಿದ್ದರು. ಕುಡಿದು ಬಂದು ನೋಡಿದರೆ ಮಗಳ ಹಳದಿ ಸೈಕಲ್ ಇಲ್ಲ. ಸುಮ್ಮನೆ ಅಲೆದಾಟ ಎಂದು ದೂರನ್ನೂ ಕೊಟ್ಟಿರಲಿಲ್ಲ.

"ಅವನ ಕೈ ಸೇದಿಹೋಗ! ಸೀಟಿಗೆ ಕೆಂಪು ರೆಕ್ಸಿನ್ ಹಾಕಿ ನಾನೇ ಹೊಲಿದಿದ್ದೆ. ಮಕ್ಕಳ ಸೈಕಲ್ ಕದಿಯೋಕೆ ಮನಸ್ಸಾದ್ರೂ ಹೇಗೆ ಬಂತು?"

ಅಷ್ಟರಲ್ಲಿ ಅವನ ಅಕ್ಕ ಬಂದಳು. ಅವಳು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸ್. ತಾನೂ ರಜೆಗೆ ಸೈಕಲ್ ಕಟ್ಟಿಕೊಂಡು ಹೋಗುವವಳೇ. ಡ್ಯೂಟಿ ಬಟ್ಟೆಯಲ್ಲೇ ಬಂದಿದ್ದಳು, ಮುಖ ಬಾಡಿತ್ತು. ಬಂದವಳೇ ರ‍್ಯಾಕಿನ ಮೇಲಿದ್ದ ಸೈಕಲ್ ಹಿಡಿದು ಅಲ್ಲಾಡಿಸಿದಳು. ಸೈಕಲ್ ತೂಗಾಡಿತು, ಕಾರು ಅಲುಗಲಿಲ್ಲ.

"ನೋಡಿದ್ಯಾ? ಸರಿಯಾಗಿ ಕಟ್ಟಿದ್ರೆ ಸೈಕಲ್ ಜೊತೆ ಕಾರೂ ಅಲ್ಲಾಡಬೇಕು. ಇದು ತಾನೊಂದೇ ಆಡ್ತಿದೆ."

"ಆಡ್ಲಿ ಬಿಡಕ್ಕ. ಎಲಾಸ್ಟಿಕ್ ಎಳೆದಷ್ಟೂ ಬಿಗಿಯುತ್ತೆ. ಎಂಥ ಧಡಿಯ ಕೂತರೂ ನನ್ನ ಸೋಫಾ ಜಗ್ಗಲ್ಲ."

"ಸೋಫಾ ಮನೇಲಿ ಬಿದ್ದಿರುತ್ತೆ ಕಣೋ. ಕಾರು ಗುಂಡಿಗೆ ಇಳಿದಾಗೆಲ್ಲ ಈ ಪಟ್ಟಿ ಹಿಗ್ಗುತ್ತೆ, ಸೈಕಲ್ ಹೊರಗೆ ಜರುಗುತ್ತೆ. ಹಿಗ್ಗದ ಬೆಲ್ಟ್ ಹಾಕು. ಭಾರದ ಸೈಕಲ್ ಮೊದಲು, ಕಾರಿಗೆ ಹತ್ತಿರ. ಒಂದರ ಹ್ಯಾಂಡಲ್ ಈ ಕಡೆ, ಇನ್ನೊಂದರದ್ದು ಆ ಕಡೆ. ಒಂದೊಂದನ್ನೂ ಬೇರೆ ಬೇರೆಯಾಗಿ ರ‍್ಯಾಕಿಗೇ ಬಿಗಿ. ಒಂದಕ್ಕೊಂದು ಒರಗಿ ನಿಂತರೆ ಕಟ್ಟಿದ ಹಾಗಲ್ಲ. ಗಾಳಿಗೆ ತಿರುಗದ ಹಾಗೆ ಚಕ್ರಾನೂ ಕಟ್ಟು. ರ‍್ಯಾಕ್ ಕಾರಿಗೆ ಗಟ್ಟಿಯಾಗಿದೆಯಾ, ಅದನ್ನೂ ನೋಡು."

"ಬ್ಯಾಂಡೇಜ್ ಕಟ್ಟಿ ಕಟ್ಟಿ ನಿನಗೆ ಎಲ್ಲದಕ್ಕೂ ಕಟ್ಟೋ ಹುಚ್ಚು" ಎಂದು ಅವನು ನಕ್ಕ.

ಅಕ್ಕ ನಗಲಿಲ್ಲ. "ನಮ್ಮ ವಾರ್ಡಲ್ಲಿ ಒಬ್ಬರು ಬಸ್ ಕಂಡಕ್ಟರ್ ಇದಾರೆ. ಹಿಂದಿನ ವಾರ ಡ್ಯೂಟಿ ಮುಗಿಸಿ ಸ್ಕೂಟರಲ್ಲಿ ಮನೆಗೆ ಹೋಗ್ತಿದ್ರು. ಮುಂದಿದ್ದ ಕಾರಿಂದ ಸೈಕಲ್ ಕಳಚಿ ಬಿತ್ತು. ಸ್ಕೂಟರ್ ಅದಕ್ಕೆ ಗುದ್ದಿ ಇವರ ಸೊಂಟ ಮುರಿದಿದೆ. ಇನ್ನು ಬಸ್ಸಲ್ಲಿ ನಿಂತು ಕೆಲಸ ಮಾಡೋದು ಕಷ್ಟ ಅಂತಾರೆ ಡಾಕ್ಟರ್. ಅವರಿಗಿನ್ನೂ ಹೇಳಿಲ್ಲ."

"ಅಯ್ಯೋ ಪಾಪ! ಎಲ್ಲಿ ಆಗಿದ್ದು ಅತ್ತಿಗೆ?" ಎಂದಳು ಸೋಫಾ ಅಣ್ಣನ ಹೆಂಡತಿ.

"ಕೆರೆ ರಸ್ತೆ ತಿರುವಲ್ಲಿ. ಕಾರಿನವನು ನಿಲ್ಲಿಸದೇ ಹೋದನಂತೆ. ಸೈಕಲ್ ಪೊಲೀಸ್ ಸ್ಟೇಷನ್ನಲ್ಲಿದೆ. ಹಳದಿ ಬಣ್ಣ, ಸೀಟಿಗೆ ಕೆಂಪು ರೆಕ್ಸಿನ್ ಅಂತ ಅವರ ಹೆಂಡತಿ ಇವತ್ತು ಹೇಳಿದ್ರು. ಅದಕ್ಕೇ ಓಡಿ ಬಂದೆ."

ಮಗಳು ಅಪ್ಪನ ಮುಖ ನೋಡಿದಳು. ಇಡೀ ವಾರ ಬೈಸಿಕೊಂಡ ಕಳ್ಳ ಎಲ್ಲೂ ಇರಲಿಲ್ಲ. ಸೋಫಾ ಅಣ್ಣ ಕೈಲಿದ್ದ ಪಟ್ಟಿ ಬಿಟ್ಟು ನೆಲಕ್ಕೆ ಕೂತ.

"ನಂಗೆ ಗೊತ್ತೇ ಆಗ್ಲಿಲ್ಲಕ್ಕ."

ಹೆಂಡತಿಯೇ ಸೈಕಲ್‌ಗಳನ್ನು ಇಳಿಸಿದಳು. "ಏಳಿ. ಮೊದಲು ಸ್ಟೇಷನ್ನಿಗೆ, ಆಮೇಲೆ ಆಸ್ಪತ್ರೆಗೆ. ನಾನೂ ಬರ್ತೀನಿ."

ವಾರ್ಡಿನಲ್ಲಿ ಕೈಮುಗಿದು, ಆ ಸೈಕಲ್ ನನ್ನದೇ ಎಂದವನನ್ನು ಕಂಡಕ್ಟರ್ ದಿಟ್ಟಿಸಿದರು.

"ನಿಮ್ಮ ಸೈಕಲ್ ಜೋಲಾಡ್ತಿತ್ತು ಸಾರ್. ಎಷ್ಟು ಹಾರ್ನ್ ಹೊಡೆದೆ! ಹೇಳೋಣ ಅಂತಲೇ ಹತ್ತಿರ ಬಂದೆ."

ಆ ಹಾರ್ನ್ ಸೋಫಾ ಅಣ್ಣನಿಗೆ ಕೇಳಿಸಿತ್ತು. ಯಾರೋ ಆತುರಗಾರ ಎಂದು ಬೈದು ಹಾಡಿನ ಸದ್ದು ಏರಿಸಿದ್ದ. ಅದನ್ನು ಹೇಳಲಾಗದೆ ಅತ್ತುಬಿಟ್ಟ.

"ಅಳಬೇಡಿ" ಎಂದರು ಕಂಡಕ್ಟರ್. "ಮೂಳೆ ಕೂಡಿಕೊಂಡ ಮೇಲೆ ಮತ್ತೆ ಬಸ್ ಹತ್ತುತ್ತೀನಲ್ಲ."

ಅಕ್ಕ ಕಿಟಕಿಯ ಕಡೆ ತಿರುಗಿಕೊಂಡಳು.

ಅಣ್ಣಂದಿರೇ, ಅಕ್ಕಂದಿರೇ, ಕಾರಿನಿಂದ ಸೈಕಲ್ ಬೀಳುವುದು ನಮ್ಮ ಬೆನ್ನ ಹಿಂದೆ, ನಮಗೆ ತಿಳಿಯುವುದೂ ಇಲ್ಲ. ಆದ್ದರಿಂದ ಹೊರಡುವ ಮುಂಚೆ ಹಿಗ್ಗದ ಬೆಲ್ಟಿನಲ್ಲಿ ಬಿಗಿಯಿರಿ, ಕೈಯಿಂದ ಅಲ್ಲಾಡಿಸಿ ನೋಡಿ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಇನ್ನೊಮ್ಮೆ ನೋಡಿ, ಬೆಲ್ಟ್ ಸಡಿಲವಾಗಿರಬಹುದು. ಹಿಂದಿನವರು ಹಾರ್ನ್ ಹೊಡೆದರೆ ಬೈಯಬೇಡಿ, ಕಾರನ್ನು ಪಕ್ಕಕ್ಕೆ ಹಾಕಿ ಇಳಿದು ನೋಡಿ. ಅವರೂ ಮನೆಗೆ ಹೋಗುತ್ತಿರುವವರೇ.